ಗುಂಡು ಹಾರದ ಭಾನುವಾರಗಳು

ತರಕಾರಿ ಅಂಗಡಿಯ ಮುಂದೆ ನಿಂತ ಗಿರಾಕಿಗಳನ್ನು ನೀವು ಎಂದಾದರೂ ಬಿಡುವಾಗಿ ಗಮನಿಸಿದ್ದರೆ ಒಂದು ವಿಚಿತ್ರ ನಿಮ್ಮ ಕಣ್ಣಿಗೂ ಬಿದ್ದಿರಬೇಕು: ತಕ್ಕಡಿ ಮೇಲೇಳುವ ಹೊತ್ತಿಗೆ ಯಾರೂ ತಕ್ಕಡಿಯ ಮುಳ್ಳನ್ನು ನೋಡುವುದಿಲ್ಲ, ಎಲ್ಲರೂ ತೂಗುವವನ ಬೆರಳುಗಳನ್ನು ನೋಡುತ್ತಾರೆ. ಮುಳ್ಳು ಪಾಪದ್ದು, ಅದಕ್ಕೆ ಸುಳ್ಳು ಹೇಳಲು ಬಾರದು. ಬೆರಳಿಗಾದರೋ ಅರವತ್ತನಾಲ್ಕು ವಿದ್ಯೆಯೂ ಬರುತ್ತದೆ ಎಂಬುದು ಲೋಕದ ನಂಬಿಕೆ. ನನ್ನ ತಂದೆ ಮೈಸೂರಿನಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದವರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ನನಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಬೀದಿಯಲ್ಲಿ ಉಚಿತವಾಗಿ ಕಲಿಸಲ್ಪಟ್ಟಿತ್ತು. ತಂದೆ ಅದಕ್ಕೆ ಎಂದೂ ದನಿ ಎತ್ತಿ ಉತ್ತರ ಕೊಟ್ಟವರಲ್ಲ. ಗಿರಾಕಿ ಹುಬ್ಬು ಮೇಲೇರಿಸಿದರೆ ಇನ್ನೊಮ್ಮೆ ತೂಗಿ ತೋರಿಸುತ್ತಿದ್ದರು, ಗುಲಗಂಜಿಯ ಅರ್ಧಕ್ಕೂ ಲೆಕ್ಕ ತಪ್ಪುತ್ತಿರಲಿಲ್ಲ. ಅವರ ಆಸ್ತಿಯಲ್ಲಿ ನನಗೆ ಬಂದದ್ದು ಆ ಬೆರಳುಗಳು ಮಾತ್ರ. ತಾಳ್ಮೆಯ ಪಾಲು ಅಣ್ಣಂದಿರಿಗೆ ಹೋಯಿತೆಂದು ಕಾಣುತ್ತದೆ.

ಎಪ್ಪತ್ತರ ದಶಕದ ಮೊದಲಲ್ಲಿ ಈ ಬೆರಳುಗಳನ್ನೂ ಒಂದು ಫಾರ್ಮಸಿ ಪದವಿಯನ್ನೂ ಹೊತ್ತುಕೊಂಡು, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ಗಂಡನ ಹಿಂದೆ ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟಿನ ಉತ್ತರಕ್ಕಿರುವ ಟ್ರಾಯ್ ಎಂಬ ಊರಿಗೆ ಬಂದೆ. ನನ್ನ ಪದವಿ ಇಲ್ಲಿಯ ಪರವಾನಗಿಗೆ ಸಾಲದೆ ಹೋಯಿತು. ಪಾಂಟಿಯಾಕಿನ ಆಸ್ಪತ್ರೆಯೊಂದರ ಔಷಧದ ಕೋಣೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಪುಡಿ ತೂಗುವುದು, ಮುಲಾಮು ಕಲೆಸುವುದು, ಮಾತ್ರೆ ಎಣಿಸುವುದು. ಆಮೇಲೆ ನನಗಿಂತ ಹತ್ತು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳು ಬಂದು ನಾನು ತೂಗಿದ್ದನ್ನೆಲ್ಲ ಮತ್ತೆ ತೂಗುವುದು. ನಿಯಮ ಸರಿಯಾದದ್ದೇ, ರೋಗಿಯ ಪ್ರಾಣದ ಮುಂದೆ ನನ್ನ ಮಾನ ಯಾವ ಲೆಕ್ಕ? ಆ ಹುಡುಗಿಯೂ ಒಳ್ಳೆಯವಳೇ, ಪ್ರತಿ ಸಲವೂ ಸಾರಿ ಎಂದೇ ತೂಗುತ್ತಿದ್ದಳು. ಆದರೂ ಮೂರು ವರ್ಷ ದಿನಕ್ಕೆ ಮೂವತ್ತು ಸಾರಿಗಳನ್ನು ಕೇಳಿಸಿಕೊಂಡ ಮೇಲೆ ಮನುಷ್ಯನಿಗೆ, ಅದರಲ್ಲೂ ಅಕ್ಕಸಾಲಿಯ ಮಗಳಿಗೆ, ಎಲ್ಲಿಯಾದರೂ ಒಂದು ಕಡೆ ತಾನು ತೂಗಿದ್ದೇ ಕೊನೆಯ ತೂಕವಾಗಬೇಕು ಎನ್ನಿಸುವುದು ಮಹಾಪರಾಧವೆಂದು ನನಗೆ ಇವತ್ತಿಗೂ ತೋರುವುದಿಲ್ಲ.

ಅಂಥ ಒಂದು ಕಡೆ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ನನಗಾಗಿ ಕಾದಿತ್ತು. ಪಕ್ಕದ ಮನೆಯ ಡೊರೋತಿ ಅರವತ್ತು ದಾಟಿದ ವಿಧವೆ. ತೀರಿಕೊಂಡ ಗಂಡನ ಬಟ್ಟೆಬರೆಯನ್ನೆಲ್ಲ ದಾನ ಮಾಡಿದ ಆಕೆ, ಅವನು ಬೇಟೆಯ ಕೋವಿಗೆ ತೋಟಾ ತಯಾರಿಸುತ್ತಿದ್ದ ಮೇಜನ್ನು ಮಾತ್ರ ಹಾಗೆಯೇ ಉಳಿಸಿಕೊಂಡು, ತಾನೂ ಅಲ್ಲಿ ಕೂತು ಆ ಕೆಲಸ ಮಾಡುತ್ತಿದ್ದಳು. ಅಂಗಡಿಯ ತೋಟಾ ಕೊಳ್ಳದೆ ಕೈಯಿಂದಲೇ ಕಟ್ಟಿಕೊಳ್ಳುವ ಈ ವಿದ್ಯೆಯನ್ನು ಓದುಗರಿಗೆ ವಿವರಿಸುವುದು ಕಷ್ಟವೇನಲ್ಲ, ಕರಿಗಡುಬು ಮಾಡಿ ಬಲ್ಲವರಿಗಂತೂ ತೀರ ಸುಲಭ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಎಸೆಯದೆ ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತರಬೇಕು; ತಳದ ಕುಳಿಯಲ್ಲಿ ಪ್ರೈಮರ್ ಎಂಬ ಕಿಡಿಯ ಬಿಲ್ಲೆಯನ್ನು ಕೂರಿಸಬೇಕು; ಹೂರಣದ ಜಾಗಕ್ಕೆ ಮದ್ದನ್ನು ತೂಗಿ ಸುರಿದು, ಬಾಯಿಗೆ ಗುಂಡನ್ನು ಒತ್ತಿ ಮುಚ್ಚಬೇಕು. ಮದ್ದಿನ ತೂಕ ಗ್ರೇನ್ ಎಂಬ ಮಾನದಲ್ಲಿ, ಅದರ ಹತ್ತನೆಯ ಒಂದು ಪಾಲಿನವರೆಗೆ. ಡೊರೋತಿ ಮೊದಲ ದಿನ ಆ ಪುಟ್ಟ ತಕ್ಕಡಿಯನ್ನು ನನ್ನ ಮುಂದೆ ಸರಿಸಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಗುಲಗಂಜಿಗೂ ಗ್ರೇನಿಗೂ ನಡುವೆ ಬಹಳ ದೂರವಿಲ್ಲ. ಐದು ತೋಟಾ ಆಗುವಷ್ಟರಲ್ಲಿ ಡೊರೋತಿ ನನ್ನ ತೂಕವನ್ನು ನೋಡುವುದನ್ನೇ ಬಿಟ್ಟು, ಕಾಫಿ ತರಲು ಮೇಲೆ ಹೋದಳು. ಆ ಹತ್ತು ನಿಮಿಷ ನನ್ನನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ನಾನು ಅಮೆರಿಕಕ್ಕೆ ಬಂದು ತಲುಪಿದ್ದು ಆ ದಿನವೇ ಎಂದು ಲೆಕ್ಕ.

ತೋಟಾ ಇದ್ದ ಮೇಲೆ ಕೋವಿ ಬೇಡವೆ? ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಗುರಿ ಹೊಡೆದು ಬಹುಮಾನ ಗಿಟ್ಟಿಸಿದ್ದೆನೆಂಬ ಹಳೆಯ ಹೆಮ್ಮೆಯೂ ಬೆನ್ನಿಗಿತ್ತು. ಒಂದು ಸೆಪ್ಟೆಂಬರಿನಲ್ಲಿ ವಾಲ್‌ನಟ್ ಮರದ ಹಿಡಿಯ ಹೊಚ್ಚ ಹೊಸ ಬೇಟೆಯ ರೈಫಲೊಂದನ್ನು ಮನೆಗೆ ತಂದೆ. ಬೇಟೆಯ ಉದ್ದೇಶ ನನಗಿರಲಿಲ್ಲ. ಜಿಂಕೆಗೂ ನನಗೂ ಯಾವ ಜಗಳವೂ ಇಲ್ಲ, ನೂರು ಗಜದಾಚೆಯ ಕಾಗದಕ್ಕೆ ತೂತು ಕೊರೆದರೆ ನನಗೆ ಸಾಕು. ಇದರಿಂದ ಎರಡು ದೇಶಗಳಿಗೂ ಸಮಾಧಾನವಾಗಲಿಲ್ಲ. ಆಸ್ಪತ್ರೆಯ ಅಮೆರಿಕನ್ನರು, ಕೋವಿಯಿದ್ದೂ ಜಿಂಕೆ ಹೊಡೆಯದವಳು ಎಂಥವಳು ಎಂದರು. ಸುತ್ತಮುತ್ತ ಬೆರಳೆಣಿಕೆಯಷ್ಟಿದ್ದ ನಮ್ಮ ಕನ್ನಡದ ಸಂಸಾರಗಳವರು, ತಿಂಗಳಿಗೊಮ್ಮೆ ಬಿಸಿಬೇಳೆಬಾತಿನ ಸುತ್ತ ಸೇರಿದಾಗ, ಜಿಂಕೆ ಹೊಡೆಯದವಳಿಗೆ ಕೋವಿ ಯಾತಕ್ಕೆ ಎಂದರು. ಹಿರಿಯ ಆಂಟಿಯೊಬ್ಬರು ನನ್ನನ್ನು ಅಡುಗೆಮನೆಗೆ ಕರೆದು, ಮನೆಯಲ್ಲಿ ಗಂಡ ಹೆಂಡತಿ ಚೆನ್ನಾಗಿದ್ದೀರಿ ತಾನೆ ಎಂದು ಕೇಳಿದರು. ಚೆನ್ನಾಗಿದ್ದೇವೆ, ಕೋವಿ ಬಂದ ಮೇಲೆ ಇನ್ನೂ ಚೆನ್ನಾಗಿದ್ದೇವೆ ಎಂದೆ. ಅವರು ಇನ್ನೊಂದು ಹಪ್ಪಳ ಬಡಿಸಿದರು.

ಅಕ್ಟೋಬರಿನಲ್ಲಿ ಮಹಾನವಮಿ ಬಂತು. ತಂದೆಯ ಅಂಗಡಿಯಲ್ಲಿ ಆ ದಿನ ಚಿಮಟ, ಸುತ್ತಿಗೆ, ತಂತಿ ಎಳೆಯುವ ಕಂಬಚ್ಚು, ಎಲ್ಲಕ್ಕೂ ಒಂದು ಕೈ ಕೊಬ್ಬರಿ ಎಣ್ಣೆ ಸವರಿ ಕುಂಕುಮವಿಟ್ಟು ಪೂಜೆ ಮಾಡುತ್ತಿದ್ದರು. ನಾನೂ ಕೋವಿಯನ್ನು ಮಣೆಯ ಮೇಲೆ ಮಲಗಿಸಿ, ಮಿಶಿಗನ್ನಿನಲ್ಲಿ ಆ ಕಾಲಕ್ಕೆ ಮನೆ ಮನೆಯ ಮೆಟ್ಟಿಲ ಮೇಲೂ ಅರಳಿ ಕೂತಿರುವ ಸೇವಂತಿಗೆಯನ್ನು ಏರಿಸಿ, ಎಣ್ಣೆ ಕುಂಕುಮ ಸಮೇತ ಆಯುಧಪೂಜೆ ಮುಗಿಸಿದೆ. ನಮ್ಮವರು, ಎಂದರೆ ನನ್ನ ಗಂಡ, ಆರತಿ ತಟ್ಟೆ ಹಿಡಿದಿದ್ದರು.

ನವೆಂಬರಿನ ಮೊದಲ ಭಾನುವಾರ, ರಾಚೆಸ್ಟರ್ ದಾಟಿ ಉತ್ತರಕ್ಕಿದ್ದ ನಮ್ಮ ಗುರಿ ಹೊಡೆಯುವ ಕ್ಲಬ್ಬಿಗೆ ಹೋದೆ. ಚಳಿ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿಗೆ, ನೀರು ಹೆಪ್ಪುಗಟ್ಟುವುದಕ್ಕಿಂತಲೂ ಕೆಳಕ್ಕೆ, ಇಳಿದಿತ್ತು. ಅಲ್ಲಿಯ ಮೇಲ್ವಿಚಾರಕ ಹ್ಯಾಂಕ್, ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ನಿವೃತ್ತಿಯ ಸುದ್ದಿ ಅವನ ದನಿಗೆ ಇನ್ನೂ ತಲುಪಿರಲಿಲ್ಲ. ಮೊದಲ ನಾಲ್ಕು ಗುಂಡು ಸೊಗಸಾಗಿ ಹಾರಿದವು. ಐದನೆಯದಕ್ಕೆ ಕೋವಿಯ ಕುದುರೆ ಒತ್ತಿದರೆ ಬರಿದೇ ಟಿಕ್ ಎಂದಿತು. ತೋಟಾ ಹೀಗೆ ಕೈಕೊಟ್ಟಾಗ, ಕಿಡಿ ತಡವಾಗಿ ಹತ್ತಿದರೂ ಹತ್ತೀತೆಂದು ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಅರ್ಧ ನಿಮಿಷ ಕಾಯಬೇಕೆಂಬುದು ನಿಯಮ. ಆ ಅರ್ಧ ನಿಮಿಷ ಎಷ್ಟು ಉದ್ದವೆಂಬುದು ಅನುಭವಿಸಿದವರಿಗೇ ಗೊತ್ತು. ಸಾಲಿನಲ್ಲಿದ್ದವರೆಲ್ಲ ಕೋವಿ ಇಳಿಸಿ ನನ್ನ ಕಡೆ ತಿರುಗಿದ್ದರು, ನಾನೊಬ್ಬಳೇ ಕಾಗದದ ಕಡೆ ನೋಡುತ್ತಿದ್ದೆ. ಆರನೆಯದೂ ಟಿಕ್, ಏಳನೆಯದೂ ಟಿಕ್.

ಹ್ಯಾಂಕ್ ಹಾರದ ತೋಟಾವೊಂದನ್ನು ತಿರುವಿ ನೋಡಿ, ಇದನ್ನು ಕಟ್ಟಿದವರು ಯಾರು ಎಂದ. ನಾನೇ ಎಂದೆ. ಹೆಂಗಸರು ಕೈಗೆ ಬಳಿದುಕೊಳ್ಳುವ ಎಣ್ಣೆ, ಕ್ರೀಮು ತಗುಲಿದರೆ ಪ್ರೈಮರ್ ಸತ್ತುಹೋಗುತ್ತದೆ, ಮದ್ದಿನ ತೂಕದಲ್ಲಿ ಇನ್ನೇನೇನು ಆಗಿದೆಯೋ ಯಾರು ಬಲ್ಲರು ಎಂದ. ಆಸ್ಪತ್ರೆಯಲ್ಲಿ ಮೊಳಕೈವರೆಗೆ ಸೋಪು ತಿಕ್ಕುವವಳಿಗೆ ಹೇಳಿದ ಮಾತು ಇದು. ಕೊನೆಗೆ ಅವನ ತೀರ್ಪು ಹೀಗಿತ್ತು: ಎರಡು ವಾರ ಬಿಟ್ಟು ಸದಸ್ಯರ ಎದುರು ನನ್ನ ಐದು ತೋಟಾಗಳನ್ನು ಬಿಚ್ಚಿ ಮದ್ದು ತೂಗಿ ನೋಡಲಾಗುವುದು, ಅಲ್ಲಿಯವರೆಗೆ ನಾನು ಕಟ್ಟಿದ ತೋಟಾ ಆ ಬಯಲಿನಲ್ಲಿ ಹಾರಕೂಡದು, ತೂಕದಲ್ಲಿ ತಪ್ಪು ಸಿಕ್ಕರೆ ಎಂದೆಂದಿಗೂ ಹಾರಕೂಡದು. ಬಿಚ್ಚಿ ನೋಡಿ, ನಾನು ಎದುರಿಗೇ ಕೂತಿರುತ್ತೇನೆ ಎಂದು ಹೇಳಿ ಬಂದೆ. ಕಾರಿನಲ್ಲಿ ಕೂತ ಮೇಲೆ ಅತ್ತೆ. ಅಳು ಅವಮಾನದ್ದಲ್ಲ, ಸಿಟ್ಟಿನದು; ಎರಡರ ಉಪ್ಪೂ ಒಂದೇ ಆದ್ದರಿಂದ ನೋಡಿದವರು ಗುರುತಿಸಲಾರರು.

ನಮ್ಮವರು ಒಂದು ವಿವೇಕದ ಮಾತು ಹೇಳಿದರು. "ಅಂಗಡಿದು ಒಂದ್ ಬಾಕ್ಸ್ ತಗೊಂಡು ಟ್ರೈ ಮಾಡಿ ನೋಡು. ಅದೂ ಫೈರ್ ಆಗ್ಲಿಲ್ಲ ಅಂದ್ರೆ ತಪ್ಪು ರೈಫಲ್‌ದು, ನಿಂದಲ್ಲ. ಅಷ್ಟೇ ತಾನೆ?" ಅಷ್ಟೇ. ಸಲಹೆ ಎಷ್ಟು ಸರಿಯಾಗಿತ್ತೆಂದರೆ ನನಗೆ ಅದನ್ನು ಸ್ವೀಕರಿಸುವುದು ಸಾಧ್ಯವೇ ಆಗಲಿಲ್ಲ. ಅಂಗಡಿಯ ತೋಟಾ ತಂದೆನೆಂದರೆ ನನ್ನ ತೋಟಾದ ಮೇಲೆ ನನಗೇ ಅನುಮಾನವೆಂದು ಒಪ್ಪಿಕೊಂಡಂತೆ ಎಂದು ವಾದಿಸಿ, ಅರ್ಧ ದಿನದಲ್ಲಿ ಮುಗಿಯಬಹುದಾದ ಶೋಧವನ್ನು ಹನ್ನೆರಡು ದಿನಕ್ಕೆ ಎಳೆದೆ. ಹಟವೆಂಬುದು ನಮ್ಮ ವಂಶದ ಹೆಣ್ಣುಮಕ್ಕಳಿಗೆ ಬಳುವಳಿ.

ಶಾಸ್ತ್ರೋಕ್ತವಾಗಿಯೇ ಹುಡುಕಿದೆನೆಂದು ಹೇಳಿಕೊಳ್ಳಬಲ್ಲೆ. ತಂದೆ ಬಳಸುತ್ತಿದ್ದಂಥದೇ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ: ಹಾರದ ತೋಟಾಗಳ ಪ್ರೈಮರಿನ ಮೇಲೆ ಕೋವಿಯ ಸೂಜಿ ಕುಟ್ಟಿದ ಗುಳಿ ಇತ್ತು, ಆದರೆ ಹಾರಿದವುಗಳಷ್ಟು ಆಳವಿರಲಿಲ್ಲ. ಪ್ರೈಮರನ್ನು ಕುಳಿಯಲ್ಲಿ ಪೂರ್ತಿ ಕೂರಿಸಿರಲಿಲ್ಲವೇ? ಕೂರಿಸಿದ್ದೆ. ಅಚ್ಚಿನಲ್ಲಿ ಒತ್ತುವಾಗ ಕೋಶದ ಭುಜವನ್ನು, ಎಂದರೆ ಕತ್ತಿನ ಬುಡದ ಇಳಿಜಾರನ್ನು, ಅತಿಯಾಗಿ ತಗ್ಗಿಸಿ, ತೋಟಾ ಕೋವಿಯೊಳಗೆ ಮುಂದೆ ಜಾರುವಂತೆ ಮಾಡಿದ್ದೆನೇ? ಅಳೆದೆ, ಇಲ್ಲ. ಒಂದೊಂದೇ ಬಾಗಿಲು ಮುಚ್ಚುತ್ತ ಬಂದು ಕೊನೆಗೆ ಉಳಿದದ್ದು ನಾನೇ. ಡಬ್ಬಿಯ ಮೊದಲ ತೋಟಾಗಳು ಹಾರಿ ಆಮೇಲಿನವು ಹಾರಲಿಲ್ಲವೆಂದರೆ, ಕಟ್ಟುತ್ತ ಕಟ್ಟುತ್ತ ಕೈ ಸೋತಿತ್ತೆಂದು ಅರ್ಥವಲ್ಲವೆ? ಹಾಗೆ ಅನ್ನಿಸಿದ್ದೇ ತಡ ಹೆದರಿಕೆಯಾಯಿತು. ಆಸ್ಪತ್ರೆಯ ಹುಡುಗಿ ಮೂರು ವರ್ಷದಿಂದ ನನ್ನ ಹಿಂದೆ ನಿಂತು ತೂಗಿದ್ದು ಬರಿಯ ನಿಯಮಕ್ಕಲ್ಲ, ಅಗತ್ಯಕ್ಕೇ ಇರಬಹುದೆಂಬ ಯೋಚನೆ ಬಂತು. ಆ ವಾರ ಔಷಧದ ಕೋಣೆಯಲ್ಲಿ ಪ್ರತಿ ಪುಡಿಯನ್ನೂ ಮೂರು ಮೂರು ಸಲ ತೂಗಿದೆ.

ಡೊರೋತಿಗೆ ನನ್ನ ಮುಖ ನೋಡಲಾಗಲಿಲ್ಲ. ಶುಕ್ರವಾರ ರಜೆ ಹಾಕಿಸಿ, ತನ್ನ ತಂಗಿಯ ಜೋಳದ ಹೊಲಕ್ಕೆ ಕರೆದುಕೊಂಡು ಹೋದಳು. ಹಿಂದಿನ ದಿನ ನಾನು ಇಪ್ಪತ್ತು ತೋಟಾ ಕಟ್ಟಿ, ಕಟ್ಟಿದ ಅನುಕ್ರಮದಲ್ಲೇ ಒಂದರಿಂದ ಇಪ್ಪತ್ತರವರೆಗೆ ಶಾಯಿಯಲ್ಲಿ ಅಂಕಿ ಬರೆದಿದ್ದೆ. ಬೆಳಿಗ್ಗೆ ಒಂದರಿಂದ ಶುರು ಮಾಡಿದೆ: ನಾಲ್ಕು ಹಾರಿದವು, ಐದಕ್ಕೆ ಟಿಕ್, ಆರಕ್ಕೂ ಟಿಕ್. ಮಧ್ಯಾಹ್ನ ತಂಗಿಯ ಬೆಚ್ಚಗಿನ ಅಡುಗೆಮನೆಯಲ್ಲಿ ಖಾಲಿ ಕೋವಿಯನ್ನು ಮೂಲೆಗೊರಗಿಸಿ ಊಟ ಮುಗಿಸಿ, ಮತ್ತೆ ಹೊರಗೆ ಹೋಗಿ ಈ ಸಲ ಇಪ್ಪತ್ತರಿಂದ ಹಿಂದಕ್ಕೆ ಹೊಡೆದೆ. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು, ಹದಿನೇಳು, ನನ್ನ ಕೈ ಅತ್ಯಂತ ಸೋತಿರಬೇಕಾದ ಆ ನಾಲ್ಕೂ ಠೀವಿಯಿಂದ ಹಾರಿದವು. ಹದಿನಾರಕ್ಕೆ ಟಿಕ್. ನಾನು ಹೊಲದ ಮಧ್ಯೆ ಕೂತುಬಿಟ್ಟೆ. ಮೊದಲು ಬಂದವು ಯಾವುವಾದರೂ ಹಾರುತ್ತವೆ, ಆಮೇಲೆ ಬಂದವು ಯಾವುವಾದರೂ ಹಾರುವುದಿಲ್ಲ. ತಪ್ಪು ತೋಟಾದಲ್ಲಿ ಇರಲಿಲ್ಲ. ಕೋವಿ ಚಳಿಯಲ್ಲಿ ಕಳೆದ ಹೊತ್ತಿನಲ್ಲಿತ್ತು. ನನ್ನ ಕೈ ತಪ್ಪಿರಲಿಲ್ಲ. ಡೊರೋತಿಯ ಹೆಗಲ ಮೇಲೆ ತಲೆಯಿಟ್ಟು ಇನ್ನೊಮ್ಮೆ ಅತ್ತೆ, ಈ ಸಲದ ಉಪ್ಪು ಬೇರೆ.

ಆದರೆ ಚಳಿ ಕಂಡರೆ ಕೋವಿಗೇನು ಕಷ್ಟ? ಇಡೀ ಮಿಶಿಗನ್ ಚಳಿಯಲ್ಲೇ ಬೇಟೆಯಾಡುತ್ತದೆ. ಉತ್ತರ ಮರುದಿನ ಬಚ್ಚಲುಮನೆಯಲ್ಲಿ ಸಿಕ್ಕಿತು. ಶನಿವಾರದ ಎಣ್ಣೆನೀರಿಗೆಂದು ಶೀಸೆ ಕೈಗೆತ್ತಿಕೊಂಡು ಬಗ್ಗಿಸಿದರೆ ಒಂದು ಹನಿಯೂ ಇಳಿಯಲಿಲ್ಲ. ಚಳಿಗಾಲ ಬಂದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು, ನಾವು ಅದನ್ನು ಹೇರ್‌ಪಿನ್ನಿನಿಂದ ಕೆರೆಯುವುದು ಪ್ರತಿ ವರ್ಷದ ಪಾಡು. ಪಿನ್ನನ್ನು ಶೀಸೆಯೊಳಗೆ ತೂರಿಸಿದ ಕೈ ಅಲ್ಲಿಯೇ ನಿಂತಿತು. ಕೂದಲು ಬಿಚ್ಚಿಕೊಂಡೇ ಕೆಳಗೆ ಓಡಿ, ಕೋವಿಯ ಹಿಂಬದಿಯ ಅಗುಳಿಯಾದ ಬೋಲ್ಟನ್ನು ಹೊರತೆಗೆದು ಬಿಚ್ಚಿದೆ. ಪ್ರೈಮರನ್ನು ಕುಟ್ಟುವ ಸೂಜಿಯ ಸುತ್ತ, ಸ್ಪ್ರಿಂಗಿನ ಸುರುಳಿ ಸುರುಳಿಯಲ್ಲಿ, ಬೆಳ್ಳಗೆ ಮೇಣದಂತೆ ಕೂತಿತ್ತು ನನ್ನ ಮಹಾನವಮಿ. ತಂದೆ ಆಯುಧಕ್ಕೆ ಎಣ್ಣೆ ಸವರುತ್ತಿದ್ದರು. ನಾನು ಭಕ್ತಿ ಹೆಚ್ಚಾಗಿ ಒಳಗೂ ಸುರಿದಿದ್ದೆ. ಮನೆಯ ಬಿಸಿಯಲ್ಲಿ ಮೆತ್ತಗಿರುತ್ತಿದ್ದ ಎಣ್ಣೆ ಹೊರಗಿನ ಚಳಿಗೆ ಕಲ್ಲಾಗಿ ಸೂಜಿಯ ಕಾಲು ಹಿಡಿಯುತ್ತಿತ್ತು. ಅರೆಬರೆ ಏಟಿಗೆ ಯಾವ ಪ್ರೈಮರ್ ತಾನೆ ಮರ್ಯಾದೆ ಕೊಟ್ಟೀತು?

ಇಲ್ಲಿ ನಮ್ಮವರ ವಿಷಯ ಹೇಳದಿದ್ದರೆ ನ್ಯಾಯವಾಗದು. ಚಳಿಯಲ್ಲಿ ಕಾರು ಸ್ಟಾರ್ಟ್ ಆಗುವಂತೆ ಎಣ್ಣೆ ಗ್ರೀಸುಗಳನ್ನು ಶೀತಕೋಣೆಯಲ್ಲಿಟ್ಟು ಪರೀಕ್ಷಿಸುವುದೇ ಅವರ ಉದ್ಯೋಗ, ಅದಕ್ಕಾಗಿಯೇ ಸಂಬಳ. ಆರತಿ ತಟ್ಟೆ ಹಿಡಿದು ಎಣ್ಣೆಯ ಧಾರೆಯನ್ನು ಕಣ್ಣಾರೆ ಕಂಡವರೂ ಅವರೇ. ಬೋಲ್ಟನ್ನು ಮುಂದೆ ಹಿಡಿದಾಗ ಉಗುರಿನಿಂದ ಒಂದಿಷ್ಟು ಎಣ್ಣೆ ಕೆರೆದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇದನ್ನ ಅಲ್ಲಿ ಹೇಳೋಕ್ ಹೋಗ್ಬೇಡ. ತೂಕ ಕರೆಕ್ಟಾಗೇ ಬರತ್ತೆ, ನಿನ್ ಹೆಸರು ಕ್ಲಿಯರ್ ಆಗತ್ತೆ. ಪ್ರೈಮರ್ ಲಾಟೇ ಸರಿ ಇರ್ಲಿಲ್ಲ ಅಂತ ಅವರೇ ಅಂದ್ಕೋತಾರೆ, ಬಿಡು." ಆ ಮಾತು ನನಗೂ ರುಚಿಸಿತೆಂದು ಒಪ್ಪಿಕೊಳ್ಳುತ್ತೇನೆ. ಸೂಜಿ ಸ್ಪ್ರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಜೋಡಿಸುವವರೆಗೂ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಇದ್ದೆ.

ಮರುದಿನ ಭಾನುವಾರ, ಕ್ಲಬ್ಬಿನ ಪುಟ್ಟ ಕೋಣೆಯಲ್ಲಿ ಒಲೆಯ ಪಕ್ಕ ಏಳೆಂಟು ಗಂಡಸರು, ಡೊರೋತಿ, ನಾನು. ಹ್ಯಾಂಕ್ ನನ್ನ ಡಬ್ಬಿಯಿಂದ ತಾನೇ ಆರಿಸಿದ ಐದು ತೋಟಾಗಳ ಗುಂಡು ಕಿತ್ತು, ಮದ್ದನ್ನು ಒಂದೊಂದಾಗಿ ಕ್ಲಬ್ಬಿನ ತಕ್ಕಡಿಗೆ ಸುರಿದ. ಮೊದಲನೆಯದು ಸರಿ. ಎರಡನೆಯದೂ ಅಷ್ಟೇ. ಮೂರಕ್ಕೆ ಅವನು ತಕ್ಕಡಿಯನ್ನು ಬೆರಳಿನಿಂದ ತಟ್ಟಿ ನೋಡಿದ. ನಾಲ್ಕು, ಐದು, ಕೂದಲೆಳೆಯ ವ್ಯತ್ಯಾಸವಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಇಂಥ ತೂಕ ತನ್ನ ಕೈಯಿಂದಲೂ ಆಗದು ಎಂದ. ಹಾಗಾದರೆ ಪ್ರೈಮರ್ ಮಾಡಿದ ಕಾರ್ಖಾನೆಯದೇ ತಪ್ಪು, ಹಾಗೆಂದೇ ಬರೆಯುತ್ತೇನೆ ಎಂದು ಪುಸ್ತಕ ತೆರೆದ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಯಾವುದೋ ಕಾರ್ಖಾನೆಯಲ್ಲಿ ನನ್ನಂತೆಯೇ ಕೂತು ಪ್ರೈಮರ್ ತುಂಬಿದ ಯಾವಳೋ ಒಬ್ಬಳ ಕೈಯ ಮೇಲೆ ನನ್ನ ಎಣ್ಣೆಯನ್ನು ಒರೆಸಿ ಎದ್ದುಬರುವುದು ನನ್ನಿಂದಾಗಲಿಲ್ಲ. ಪ್ರೈಮರಿನ ತಪ್ಪಿಲ್ಲ ಎಂದೆ. ಪೂಜೆ, ಕೊಬ್ಬರಿ ಎಣ್ಣೆ, ಬೋಲ್ಟು, ಶೀಸೆ, ಎಲ್ಲವನ್ನೂ ಹೇಳಿದೆ. ಒಬ್ಬ ನಕ್ಕ, ಆಮೇಲೆ ಒಲೆಯ ಸುತ್ತ ಎಲ್ಲರೂ ನಕ್ಕರು. ಹ್ಯಾಂಕ್ ನಗಲಿಲ್ಲ. ನಿಜ ಹೇಳಿದ್ದು ಒಳ್ಳೆಯದಾಯಿತು, ತೋಟಾದ ಬಗ್ಗೆ ತಕರಾರಿಲ್ಲ, ಆದರೆ ಇನ್ನು ಮುಂದೆ ಪ್ರತಿ ಭಾನುವಾರ ಯಾರಾದರೊಬ್ಬ ಸದಸ್ಯ ನಿಮ್ಮ ಕೋವಿಯನ್ನು ಬಿಚ್ಚಿ ನೋಡಿದ ಮೇಲೆಯೇ ನೀವು ಹೊಡೆಯಬೇಕು ಎಂದ. ನಿಜ ಹೇಳಿದ್ದಕ್ಕೆ ಬಹುಮಾನ, ಇನ್ನೊಬ್ಬ ಪರೀಕ್ಷಕ.

ಆಗ ನಾನು ಎದ್ದು ನಿಂತೆ. ಆಡಿದ್ದು ಇಂಗ್ಲಿಷಿನಲ್ಲಿ, ಹೊಟ್ಟೆಯೊಳಗೆ ಹುಟ್ಟಿದ್ದು ಕನ್ನಡದಲ್ಲಿ, ಆದ್ದರಿಂದ ಹುಟ್ಟಿದಂತೆಯೇ ಬರೆಯುತ್ತೇನೆ. "ಎರಡ್ ವಾರ ನೀವು ನಾನು ಸರಿಯಾಗಿ ಮಾಡಿದ್ ಕೆಲಸದ ಮೇಲೇ ಅನುಮಾನಪಟ್ರಿ. ನಾನು ಮಾಡಿದ್ ತಪ್ಪು ನಿಮ್ಮಲ್ಲಿ ಒಬ್ರಿಗೂ ಕಾಣ್ಲಿಲ್ಲ, ಅದನ್ನ ಹುಡುಕಿ ತೆಗೆದೋಳು ನಾನು. ಹಂಗಿದ್ ಮೇಲೆ ನನ್ ಕೋವೀನ ನನಗಿಂತ ಚೆನ್ನಾಗಿ ನೋಡೋರು ಇಲ್ಲಿ ಯಾರಿದಾರೆ ಅಂತ ಹೇಳಿ, ಅವರ ಕೈಗೇ ಕೊಡ್ತೀನಿ."

ಯಾರೂ ಕೈ ಚಾಚಲಿಲ್ಲ. ಹ್ಯಾಂಕ್ ಬರೆಯಲು ಶುರು ಮಾಡಿದ್ದ ಸಾಲನ್ನು ಹೊಡೆದುಹಾಕಿ ಪುಸ್ತಕ ಮುಚ್ಚಿದ. ಹೊರಗೆ ನಾಲ್ಕನೆಯ ಮೇಜು ಖಾಲಿಯಿದೆ, ಹೋಗಿ ಹೊಡೆಯಿರಿ ಎಂದ.

ಹೊರಗೆ ಹಿಮ ಉದುರುತ್ತಿತ್ತು. ಚಳಿ ಹದಿನೈದು ಡಿಗ್ರಿ. ಬೆಚ್ಚಗಿನ ಕೋವಿಯಿಂದ ನಾಲ್ಕು ಗುಂಡು ಹಾರಿಸಿ ಗೆದ್ದೆನೆನ್ನಲು ನಾನು ಸಿದ್ಧಳಿರಲಿಲ್ಲ. ಬೋಲ್ಟ್ ತೆರೆದು ಕೋವಿಯನ್ನು ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಕೈಕಟ್ಟಿ ನಿಂತೆ. ಒಳಗೆ ಬಂದು ಕಾಯಬಾರದೇ ಎಂದು ಡೊರೋತಿ ಬಾಗಿಲಿನಿಂದ ಕರೆದಳು. ತಣ್ಣಗಾಗಬೇಕಾದದ್ದು ಕೋವಿ, ನಾನಲ್ಲ ಎಂದೆ. ಒಲೆ ಬಿಟ್ಟು ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ಬಂದು ಸಾಲಾಗಿ ನಿಂತರು, ಹ್ಯಾಂಕ್ ಕೊನೆಗೆ ಬಂದ. ಪೂರ್ತಿ ಅರ್ಧ ಗಂಟೆ ಅವರನ್ನೂ ಆ ಹಿಮದಲ್ಲಿ ನಿಲ್ಲಿಸಿದೆ. ಆಮೇಲೆ ಕೂತು ಹೊಡೆದೆ. ಇಪ್ಪತ್ತಕ್ಕೆ ಇಪ್ಪತ್ತೂ ಹಾರಿದವು.